ಫ್ಲಮೆಂಕೊ ಆಲ್ಬಮ್‌ಗೆ ಸರ್ಕಾರದ ದುಡ್ಡು: ಚಪ್ಪಾಳೆ ತಟ್ಟಿದವರಿಗೆ ಎಷ್ಟು?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಫ್ಲಮೆಂಕೊ ಗಿಟಾರ್ ಕಲಿಯುತ್ತಿದ್ದೇನೆ. ಸ್ಪೇನಿನಲ್ಲಿ ಆಲ್ಬಮ್ ರೆಕಾರ್ಡ್ ಮಾಡೋಕೆ ಸರ್ಕಾರವೇ ದುಡ್ಡು ಕೊಡುತ್ತದಂತೆ. ಆದರೆ ಹೆಸರು ಮಾಡಿದವರಿಗೇ ಮತ್ತೆ ಮತ್ತೆ ಸಿಗುತ್ತದೆ ಅಂತಲೂ ಕೇಳಿದ್ದೇನೆ. ಇದರಲ್ಲಿ ನ್ಯಾಯ ಇದೆಯಾ? ಹೊರಗಿನವರು ತಿಳಿಯೋದು ಹೇಗೆ?

ಉತ್ತರ: ಕೊಡುವುದು ನಿಜ. ಕೊಡಲೇಬೇಕು ಅನ್ನುವವರಲ್ಲಿ ನಾನೂ ಒಬ್ಬ. ಹಾಡು, ಗಿಟಾರ್, ಕುಣಿತ ಸೇರಿದ ಫ್ಲಮೆಂಕೊದ ತವರು ದಕ್ಷಿಣ ಸ್ಪೇನಿನ ಆಂಡಲೂಸಿಯಾ. ಅದನ್ನು ಉಳಿಸಿ, ಕಲಿಸಿ, ಹರಡುವ ಕೆಲಸವನ್ನು ಆ ಪ್ರಾಂತ್ಯದ 2007ರ ಸ್ವಾಯತ್ತತಾ ಕಾಯ್ದೆಯ 68ನೇ ಕಲಮು ಅಲ್ಲಿನ ಸರ್ಕಾರಕ್ಕೆ ವಹಿಸಿದೆ. 2010ರಲ್ಲಿ ಯುನೆಸ್ಕೊ ಮಾನ್ಯತೆ ಸಿಕ್ಕಿತು. 2023ರಲ್ಲಿ ಫ್ಲಮೆಂಕೊಗೆಂದೇ ಒಂದು ಕಾಯ್ದೆಯೂ ಬಂತು.

ಹಣ ಹಂಚುವ ನಿಯಮ ಕಾಗದದ ಮೇಲೆ ಚೆನ್ನಾಗಿಯೇ ಇದೆ. ಸ್ಪೇನಿನ 2003ರ ಅನುದಾನ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ಬಹಿರಂಗವಾಗಿ ಅರ್ಜಿ ಕರೆಯಬೇಕು, ಯಾವುದಕ್ಕೆ ಎಷ್ಟು ತೂಕ ಅಂತ ಮೊದಲೇ ಹೇಳಬೇಕು. ಅರ್ಜಿದಾರರ ಹತ್ತಿರದ ನೆಂಟರು ಆಯ್ಕೆ ಸಮಿತಿಯಲ್ಲಿದ್ದರೆ ಹಿಂದೆ ಸರಿಯಬೇಕು. ಸರ್ಕಾರದ ಅನುದಾನ ತಾಣದಲ್ಲಿ ಯಾರಿಗೆ ಎಷ್ಟು ಹೋಯಿತು ಅನ್ನುವುದನ್ನು ನೀವು ಬೆಂಗಳೂರಿನಲ್ಲಿ ಕೂತೇ ಹುಡುಕಬಹುದು. ಹುಡುಕುವಾಗ ಒಂದನ್ನು ಗಮನಿಸಿ: ಹಣ ಸ್ಪರ್ಧೆಯಲ್ಲಿ ಬಂದದ್ದೋ, ಹೆಸರು ಹಿಡಿದು ನೇರವಾಗಿ ಕೊಟ್ಟದ್ದೋ? ಎರಡಕ್ಕೂ ಕಾನೂನಿನಲ್ಲಿ ಜಾಗವಿದೆ. ಆದರೆ ನೇರವಾಗಿ ಕೊಟ್ಟ ಕಡೆ ಕಾರಣ ಕೇಳುವ ಹಕ್ಕು ಜನರಿಗೆ ಜಾಸ್ತಿ ಇರಬೇಕು.

ಹೆಸರು ಮಾಡಿದವರಿಗೇ ಸಿಗುವುದಕ್ಕೆ ಮೋಸವೇ ನಡೆಯಬೇಕಿಲ್ಲ. ಹಿಂದಿನ ಆಲ್ಬಮ್, ಹಿಂದಿನ ಪ್ರವಾಸಗಳಿಗೆ ಅಂಕ ಇಟ್ಟರೆ ಸಾಕು, ಇದ್ದವರಿಗೇ ಇನ್ನಷ್ಟು ಸಿಗುತ್ತದೆ. ತೆರಿಗೆ, ಸಾಮಾಜಿಕ ಭದ್ರತೆಯ ಕಂತು ಬಾಕಿ ಇದ್ದರಂತೂ ಅನುದಾನವೇ ಇಲ್ಲ. ಆಂಡಲೂಸಿಯಾದ ಹೆರೆಸ್ ಊರಿನ ಗಾಯಕಿ ತಿಯಾ ಅನಿಕಾ ಲಾ ಪಿರಿನ್ಯಾಕಾ ಅವರನ್ನೇ ನೋಡಿ. ಗಂಡನಿಗೆ ಇಷ್ಟವಿಲ್ಲ ಅಂತ ಅವರು ಹೊರಗೆ ಹಾಡುತ್ತಿರಲಿಲ್ಲ. ವಿಧವೆಯಾದ ಮೇಲೆಯೇ ಆ ದನಿ ಜನರಿಗೆ ಕೇಳಿಸಿದ್ದು. ಅಂಥವರು ಇವತ್ತು ಅರ್ಜಿ ಹಾಕಿದರೆ ಅನುಭವದ ಕಾಲಂನಲ್ಲಿ ಏನು ಬರೆಯಬೇಕು? 1971ರಿಂದ 1973ರವರೆಗೆ ಸ್ಪೇನಿನ ಸರ್ಕಾರಿ ಟೀವಿ ಫ್ಲಮೆಂಕೊ ಸರಣಿಯೊಂದನ್ನು ಮಾಡಿತು. ಆಗ ಟೀವಿಯವರು ಅರ್ಜಿಗೆ ಕಾಯಲಿಲ್ಲ. ಕ್ಯಾಮೆರಾ ಹೊತ್ತು ಹಾಡುವವರ ಊರಿಗೆ, ಮನೆಗೆ ಹೋದರು. ಹಾಗೆ ಹುಡುಕಿಕೊಂಡು ಹೋಗುವುದಕ್ಕೆ ಅನುದಾನದ ಒಂದು ಪಾಲು ಮೀಸಲಿರಬೇಕು.

ಇಷ್ಟೆಲ್ಲ ಆದರೂ ದೊಡ್ಡ ಅನ್ಯಾಯ ಆಗುವುದು ದುಡ್ಡು ಕೈಗೆ ಬಂದ ಮೇಲೆ, ಸ್ಟುಡಿಯೊದಲ್ಲಿ. ಅದನ್ನು ಯಾವ ತಾಣವೂ ತೋರಿಸುವುದಿಲ್ಲ.

ಬುಲೆರಿಯಾ ರೆಕಾರ್ಡ್ ಆಗುತ್ತಿದೆ ಅಂದುಕೊಳ್ಳಿ. ಹನ್ನೆರಡು ಎಣಿಕೆಯ ವೇಗದ ತಾಳ. ಇಬ್ಬರು ಪಾಲ್ಮೆರೊಗಳು, ಅಂದರೆ ಚಪ್ಪಾಳೆಯಲ್ಲಿ ತಾಳ ಹಿಡಿಯುವವರು, ಮೈಕಿನ ಮುಂದೆ ನಿಂತಿದ್ದಾರೆ. ಗಾಯಕರು ದನಿ ತಗ್ಗಿಸಿದಾಗ ಅಂಗೈ ಗುಳಿ ಮಾಡಿ ಮೆತ್ತಗೆ ತಟ್ಟುತ್ತಾರೆ. ಹಾಡು ಏರಿದಾಗ ಬೆರಳುಗಳನ್ನು ಇನ್ನೊಂದು ಅಂಗೈಗೆ ಹೊಡೆದು ಟಣ್ಣನೆ ಸದ್ದು ತರುತ್ತಾರೆ. ಇವರು ಒಂದೇ ಒಂದು ಕಡೆ ಜಾರಿದರೂ ಗಿಟಾರ್, ಹಾಡು ಎರಡೂ ನಿಲ್ಲುತ್ತವೆ. ಹೀಗಿರುವಾಗ ಅವರಿಗೆ ಒಂದು ದಿನದ ಕೂಲಿ ಕೊಟ್ಟು, ಕವರ್ ಮೇಲೆ ಹೆಸರನ್ನೂ ಹಾಕದೆ ಕಳಿಸಿದರೆ ಅದು ನ್ಯಾಯ ಅಲ್ಲ. ಹೆಸರು ಬರೀ ಮರ್ಯಾದೆಯ ಮಾತಲ್ಲ. ರೆಕಾರ್ಡಿಂಗ್ ರೇಡಿಯೊದಲ್ಲಿ ಬಂದಾಗ ಹಾಡಿದವರಿಗೂ ನುಡಿಸಿದವರಿಗೂ ಪಾಲಿದೆ. ಅದನ್ನು ಹಂಚುವುದು ಎಐಇ ಎಂಬ ಕಲಾವಿದರ ಸಂಘ. ಯಾರು ನುಡಿಸಿದರು ಅಂತ ದಾಖಲೆಯೇ ಇಲ್ಲದಿದ್ದರೆ ಪಾಲು ಯಾರ ಕೈಗೆ ಸೇರಬೇಕು?

ಹಾಡಿನ ಒಡೆತನದ್ದೂ ಇದೇ ಕಥೆ. ಫ್ಲಮೆಂಕೊದ ಎಷ್ಟೋ ಪದ್ಯಗಳು ಬಾಯಿಂದ ಬಾಯಿಗೆ ಬಂದವು, ಬರೆದವರು ಗೊತ್ತಿಲ್ಲ. ಅವನ್ನು ಹೊಸದಾಗಿ ಅಳವಡಿಸಿಕೊಂಡವರು ತಮ್ಮ ಕೆಲಸದ ಮಟ್ಟಿಗೆ ಹಕ್ಕು ಕೇಳಲಿ. ಆದರೆ ಜನರ ದುಡ್ಡಿನಲ್ಲಿ ಮಾಡಿದ ಆಲ್ಬಮ್‌ನಲ್ಲಿ ಹಳೆಯ ಪದ್ಯವನ್ನು ಪೂರ್ತಿ ತನ್ನದೇ ಅಂತ ಬರೆಸಿಕೊಳ್ಳಲು ಬಿಡಬಾರದು. ಎಲ್ಲರ ಸಂಭಾವನೆಯ ಒಪ್ಪಂದ, ಎಲ್ಲರ ಹೆಸರು, ಪದ್ಯಗಳ ಮೂಲ: ಈ ಮೂರೂ ಇಲ್ಲದೆ ಅನುದಾನದ ಕೊನೆಯ ಕಂತು ಬಿಡುಗಡೆಯಾಗಬಾರದು. ಖರ್ಚಿನ ಲೆಕ್ಕವನ್ನು ಹೇಗೂ ಒಪ್ಪಿಸಲೇಬೇಕು. ಅದರ ಜೊತೆಗೆ ಇವನ್ನೂ ಕೇಳುವುದು ಕಷ್ಟವೇನಲ್ಲ.

ಪ್ರಶ್ನೆ: ಹಿತಾನೊ, ಅಂದರೆ ಸ್ಪೇನಿನ ಜಿಪ್ಸಿ (ರೋಮಾ) ಸಮುದಾಯದ ಕಲಾವಿದರಿಗೆ ಸರಿಯಾದ ಪಾಲು ಸಿಗುತ್ತಿದೆಯಾ?

ಉತ್ತರ: ಅಂಕಿ ಅಂಶದಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ಸ್ಪೇನಿನ ಜನಗಣತಿ ಜನಾಂಗ ಕೇಳುವುದಿಲ್ಲ. ಫ್ಲಮೆಂಕೊ ಬೆಳೆದದ್ದರಲ್ಲಿ ಹಿತಾನೊಗಳ ಪಾತ್ರ ಬಹಳ ಮುಖ್ಯ ಅಂತ ಯುನೆಸ್ಕೊ ಹೇಳಿದೆ. ಹಾಗಾಗಿ ಊರು, ಕೇರಿ ಹಿಡಿದು ನೋಡುವುದು ಒಳ್ಳೆಯದು. ಹೆರೆಸ್‌ನ ಸಾಂತಿಯಾಗೊ ಮತ್ತು ಸಾನ್ ಮಿಗೆಲ್ ಕೇರಿಗಳಿಗೆ, ಉತ್ರೆರಾ, ಲೆಬ್ರಿಹಾ ಊರುಗಳಿಗೆ ಎಷ್ಟು ಅನುದಾನ ಹೋಯಿತು, ಅಲ್ಲಿನ ಹಾಡುವ ಮನೆತನಗಳಿಂದ ಯಾರಾದರೂ ಆಯ್ಕೆ ಸಮಿತಿಯಲ್ಲಿ ಕೂತಿದ್ದರೇ ಅಂತ ಕೇಳಿ.