ನಿಮ್ಮ ಲೇಖನದ ಆರನೇ ಪುಟ

ನಮಸ್ಕಾರ.

ಅಟ್ಲಾಂಟಿಕ್ ಗುಲಾಮ ವ್ಯಾಪಾರದ ಬಗ್ಗೆ ನೀವು ಕಳಿಸಿದ ಹತ್ತು ಪುಟದ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಿಷಾದಗಳೊಂದಿಗೆ ಅಂತ ಬರೆದು ಕೈ ತೊಳೆದುಕೊಳ್ಳುವ ಲೇಖನವೂ ಇದಲ್ಲ.

ಮೊದಲ ನಾಲ್ಕು ಪುಟ ತೆಗೆದುಬಿಡಿ. 'ಕರಾಳ ಅಧ್ಯಾಯ', 'ಮನುಕುಲದ ಕಳಂಕ', 'ಕಲ್ಲೂ ಕರಗುವ ಆರ್ತನಾದ' ಎಲ್ಲ ಅಲ್ಲೇ ತುಂಬಿವೆ. ಗುಲಾಮಗಿರಿ ಕೆಟ್ಟದ್ದು ಅಂತ ಓದುಗರಿಗೆ ಗೊತ್ತು. ಅದನ್ನು ಒಪ್ಪಿಸಲು ನಾಲ್ಕು ಪುಟ ಬೇಕಾ? ಆ ವ್ಯಾಪಾರ ಹೇಗೆ ನಡೆಯುತ್ತಿತ್ತು ಅನ್ನೋದು ಅವರಿಗೆ ಗೊತ್ತಿಲ್ಲ. ಅದು ನಿಮ್ಮ ಆರನೇ ಪುಟದಲ್ಲಿ ಒಂದೇ ವಾಕ್ಯದಲ್ಲಿದೆ: 'ಜಾಂಗ್ ಎಂಬ ಹಡಗಿನಿಂದ ಅನೇಕ ಗುಲಾಮರನ್ನು ನಿರ್ದಯವಾಗಿ ಸಮುದ್ರಕ್ಕೆ ಎಸೆಯಲಾಯಿತು.' ಇಷ್ಟು ಹೇಳಿ ಮುಂದೆ ಹೋಗಿಬಿಟ್ಟಿದ್ದೀರಲ್ಲ!

ಅಲ್ಲೇ ನಿಲ್ಲಬೇಕಿತ್ತು. ಅದು ಲಿವರ್‌ಪೂಲ್ ವ್ಯಾಪಾರಿಗಳ ಹಡಗು. 1781ರ ಆಗಸ್ಟ್‌ನಲ್ಲಿ 442 ಜನರನ್ನು ತುಂಬಿಕೊಂಡು ಆಫ್ರಿಕಾದ ಕರಾವಳಿ ಬಿಟ್ಟಿತು. ಅಷ್ಟು ಜನರನ್ನು ಹಿಡಿಸುವ ಹಡಗೇ ಅಲ್ಲ ಅದು. ಕ್ಯಾಪ್ಟನ್ ಲ್ಯೂಕ್ ಕಾಲಿಂಗ್‌ವುಡ್ ಅದಕ್ಕೆ ಮೊದಲು ಹಡಗಿನ ವೈದ್ಯನಾಗಿದ್ದವನು. ತಲುಪಬೇಕಿದ್ದ ಜಮೈಕಾ ಕಣ್ಣಿಗೆ ಬಿದ್ದರೂ ಬೇರೆ ದ್ವೀಪ ಅಂದುಕೊಂಡು ದಾಟಿ ಹೋದರು. ಒಳಗೆ ಕಾಯಿಲೆಯಿಂದ ಜನ ಸಾಯುತ್ತಿದ್ದರು. ನೀರು ಸಾಲುವುದಿಲ್ಲ ಅಂತ ಹೇಳಿ ನವೆಂಬರ್ 29ರಿಂದ ಕೆಲವೇ ದಿನಗಳಲ್ಲಿ ಸುಮಾರು 130 ಜನರನ್ನು ಜೀವಂತವಾಗಿ ಸಮುದ್ರಕ್ಕೆ ಎಸೆದರು. ಮೊದಲು ಹೆಂಗಸರು, ಮಕ್ಕಳು. ಕ್ಯಾಬಿನ್ನಿನ ಕಿಟಕಿಗಳಿಂದ.

ಯಾಕೆ ಅಂತ ನೀವು ಬರೆದೇ ಇಲ್ಲ. ಕಾರಣ ಇನ್ಶೂರೆನ್ಸ್. ಗುಲಾಮ ಕಾಯಿಲೆಯಿಂದ ಸತ್ತರೆ ನಷ್ಟ ಮಾಲೀಕನದು. ಉಳಿದವರನ್ನು ಕಾಪಾಡಲು 'ಸರಕು' ಎಸೆಯಬೇಕಾಯಿತು ಅಂದರೆ ವಿಮೆ ಸಿಗುತ್ತಿತ್ತು, ತಲೆಗೆ 30 ಪೌಂಡ್. ಮಾಲೀಕರು ರಾಜಾರೋಷವಾಗಿ ಕ್ಲೇಮ್ ಹಾಕಿದರು. 1783ರಲ್ಲಿ ಲಂಡನ್‌ನ ಜ್ಯೂರಿ ಅವರ ಪರವಾಗಿಯೇ ತೀರ್ಪು ಕೊಟ್ಟಿತು. ವಿಮೆ ಕೊಟ್ಟವರು ಒಪ್ಪಲಿಲ್ಲ. ಮುಖ್ಯ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಮುಂದೆ ವಿಷಯ ಬಂದಾಗ ಮಳೆಯ ಸಂಗತಿ ಹೊರಬಿತ್ತು. ಎಸೆಯುವುದು ಮುಗಿಯುವ ಮೊದಲೇ ಮಳೆ ಬಂದು ನೀರು ಸಿಕ್ಕಿತ್ತು. ಆಮೇಲೂ ಎಸೆದಿದ್ದರು. ಮರುವಿಚಾರಣೆಗೆ ಆದೇಶವಾಯಿತು. ಆದರೆ ಕೊಲೆ ಕೇಸು ಯಾರ ಮೇಲೂ ಬೀಳಲಿಲ್ಲ. ಇಡೀ ವಾದ ನಡೆದದ್ದು ದುಡ್ಡು ಯಾರು ಕೊಡಬೇಕು ಅನ್ನೋದರ ಮೇಲೆ. ನಿಮ್ಮ ಲೇಖನ ಇಲ್ಲಿಂದ ಶುರುವಾಗಲಿ. ಒಂದೂ ವಿಶೇಷಣ ಹಾಕದೆ ಬರೆಯಿರಿ.

ಇನ್ನೊಂದು ತಕರಾರು ಇದಕ್ಕಿಂತ ದೊಡ್ಡದು. ನಿಮ್ಮ ಲೇಖನದಲ್ಲಿ ಗುಲಾಮರು ಅಳುತ್ತಾರೆ, ನರಳುತ್ತಾರೆ, ಸಾಯುತ್ತಾರೆ. ಬೇರೇನೂ ಮಾಡುವುದಿಲ್ಲ. ಕೊನೆಗೆ ವಿಲಿಯಂ ವಿಲ್ಬರ್‌ಫೋರ್ಸ್ ಬಂದು ಎಲ್ಲರನ್ನೂ ಬಿಡಿಸುತ್ತಾನೆ. ಪೌರಾಣಿಕ ನಾಟಕದ ಕೊನೆಯ ದೃಶ್ಯದ ಹಾಗಾಯಿತು ಇದು. ಆತ ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ವರ್ಷಗಟ್ಟಲೆ ಹೆಣಗಿದ್ದು ನಿಜ, ಅದಕ್ಕೊಂದು ಪ್ಯಾರಾ ಕೊಡಿ. ಮೂರು ಪುಟ ಬೇಡ. ಜಾಂಗ್ ಸುದ್ದಿಯನ್ನು ಗ್ರಾನ್‌ವಿಲ್ ಶಾರ್ಪ್ ಎಂಬ ಹೋರಾಟಗಾರನಿಗೆ ಮುಟ್ಟಿಸಿದ್ದು ಒಲೌಡಾ ಇಕ್ವಿಯಾನೊ. ಸ್ವತಃ ಗುಲಾಮನಾಗಿದ್ದು, 1766ರಲ್ಲಿ ದುಡ್ಡು ಕೂಡಿಟ್ಟು ತನ್ನನ್ನು ತಾನೇ ಬಿಡಿಸಿಕೊಂಡವನು. ಅವನ ಹೆಸರು ನಿಮ್ಮಲ್ಲಿ ಎಲ್ಲೂ ಇಲ್ಲ. 1791ರಲ್ಲಿ ದಂಗೆ ಎದ್ದು, ಆಮೇಲೆ ನೆಪೋಲಿಯನ್ನನ ಸೈನ್ಯವನ್ನೇ ಸೋಲಿಸಿ 1804ರಲ್ಲಿ ಸ್ವಂತ ದೇಶ ಕಟ್ಟಿದ ಹೈಟಿಯ ಗುಲಾಮರಿಗೆ ನಿಮ್ಮಲ್ಲಿ ಅರ್ಧ ಸಾಲೂ ಸಿಕ್ಕಿಲ್ಲ. 1831ರ ಕ್ರಿಸ್‌ಮಸ್ ಸಮಯದಲ್ಲಿ ಜಮೈಕಾದಲ್ಲಿ ಸ್ಯಾಮ್ಯುಯೆಲ್ ಶಾರ್ಪ್ ಎಂಬ ಗುಲಾಮನ ಮುಂದಾಳತ್ವದಲ್ಲಿ ದಂಗೆಯಾಯಿತು. ಮರುವರ್ಷ ಅವನನ್ನು ಗಲ್ಲಿಗೇರಿಸಿದರು. ಅದರ ಮರುವರ್ಷವೇ ಗುಲಾಮಗಿರಿ ನಿಲ್ಲಿಸುವ ಬ್ರಿಟನ್ನಿನ ಕಾನೂನು ಬಂತು. ಎರಡಕ್ಕೂ ನಂಟಿಲ್ಲ ಅನ್ನಲಾಗುತ್ತಾ?

ಕೆಲವು ತಪ್ಪು ತಿದ್ದಲೇಬೇಕು. 1807ರಲ್ಲಿ ಬ್ರಿಟನ್ ನಿಲ್ಲಿಸಿದ್ದು ವ್ಯಾಪಾರವನ್ನು, ಗುಲಾಮಗಿರಿಯನ್ನಲ್ಲ. ಅದಕ್ಕೆ 1833ರ ಕಾನೂನೇ ಬರಬೇಕಾಯಿತು. ಅದರಲ್ಲಿ 2 ಕೋಟಿ ಪೌಂಡ್ ಪರಿಹಾರವಿತ್ತು, ಎಲ್ಲವೂ ಮಾಲೀಕರಿಗೆ. ಬಿಡುಗಡೆಯಾದವರಿಗೆ ಬಿಡಿಗಾಸೂ ಇಲ್ಲ. ಹೆಚ್ಚಿನವರನ್ನು ಈಗಿನ ಅಮೆರಿಕಕ್ಕೆ ಸಾಗಿಸಿದರು ಅಂದಿದ್ದೀರಿ. ಹಡಗು ಹತ್ತಿಸಿದ ಸುಮಾರು 1.25 ಕೋಟಿ ಜನರಲ್ಲಿ ನೇರವಾಗಿ ಅಲ್ಲಿ ಇಳಿದವರು 4 ಲಕ್ಷದ ಆಸುಪಾಸು. ಬ್ರೆಜಿಲ್‌ನಲ್ಲಿ ಇಳಿದವರು 48 ಲಕ್ಷದಷ್ಟು. ಅಲ್ಲಿ ಗುಲಾಮಗಿರಿ ನಿಂತದ್ದು 1888ರಲ್ಲಿ.

'ನಮ್ಮ ನಾಡಿಗೆ ಈ ಪಾಪದ ಸೋಂಕಿಲ್ಲ' ಅಂತ ಮುಗಿಸಿದ್ದೀರಲ್ಲ, ಆ ಸಾಲು ಖಂಡಿತ ಹೊಡೆದುಹಾಕಿ. ಗುಜರಾತ್ ಮತ್ತು ಕೋರಮಂಡಲ ತೀರದ ಹತ್ತಿಬಟ್ಟೆ ಆಫ್ರಿಕಾದಲ್ಲಿ ಗುಲಾಮರನ್ನು ಕೊಳ್ಳಲು ಕೊಡುತ್ತಿದ್ದ ಮುಖ್ಯ ಸರಕುಗಳಲ್ಲಿ ಒಂದು. ಮಾಲ್ಡೀವ್ಸ್‌ನ ಕವಡೆಯೂ ಅಷ್ಟೇ. 1833ರ ಕಾನೂನು ಈಸ್ಟ್ ಇಂಡಿಯಾ ಕಂಪನಿಯ ನೆಲವನ್ನು ಹೊರಗಿಟ್ಟಿತ್ತು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತೆಗೆದುಹಾಕಿದ ಕಾಯ್ದೆ ಇಲ್ಲಿಗೆ ಬಂದದ್ದು 1843ರಲ್ಲಿ.

ಹತ್ತು ಪುಟ ಬೇಡ, ಐದು ಸಾಕು. ಯೂನಿಕೋಡ್‌ನಲ್ಲಿ ಕಳಿಸಿ, ಪಿಡಿಎಫ್ ಬೇಡ. ಸಂಕೋಲೆಯ ಚಿತ್ರಗಳನ್ನು ಎಲ್ಲಿಂದ ತೆಗೆದುಕೊಂಡಿರಿ ಅಂತಲೂ ತಿಳಿಸಿ. ಅವಸರವಿಲ್ಲ, ಮುಂದಿನ ಎರಡು ಸಂಚಿಕೆ ಹೇಗೂ ತುಂಬಿವೆ.

— ಸಂಪಾದಕ