ಓದುಗರ ಪ್ರಶ್ನೆ: ಅಮ್ಮ ಬೇಡವೆಂದರೂ ಓದಿದ ಹುಡುಗಿ

ಪ್ರಶ್ನೆ: ನನ್ನ ಆರು ವರ್ಷದ ಮಗಳು ಯಾವಾಗಲೂ ಪುಸ್ತಕ ಹಿಡಿದೇ ಕೂತಿರುತ್ತಾಳೆ. ಇಂಗ್ಲಿಷ್ ಪತ್ತೇದಾರಿ ಲೇಖಕಿ ಅಗಾಥಾ ಕ್ರಿಸ್ಟಿಯೂ ಚಿಕ್ಕಂದಿನಲ್ಲಿ ಹೀಗೇ ಇದ್ದರಂತೆ, ನಿಜವಾ? ಪತ್ತೇದಾರಿ ಕಥೆಗೆ ಹೇಗೆ ಬಂದರು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಜ. ಅದೂ ಅಮ್ಮನ ಮಾತು ಮೀರಿ! ಅವರು ಹುಟ್ಟಿದ್ದು 1890ರಲ್ಲಿ, ಇಂಗ್ಲೆಂಡಿನ ಟಾರ್ಕಿ ಎಂಬ ಕಡಲತೀರದ ಊರಿನಲ್ಲಿ. ಎಂಟು ವರ್ಷದ ತನಕ ಮಕ್ಕಳು ಓದಲೇಬಾರದು ಎಂದು ತಾಯಿ ನಂಬಿದ್ದರು. ಪುಟ್ಟ ಅಗಾಥಾ ಬಿಡಲಿಲ್ಲ. ತನಗೆ ಓದಿ ಹೇಳಿದ್ದ ಕಥೆಪುಸ್ತಕವನ್ನೇ ಹಿಡಿದು, ಯಾವ ಪದ ಹೇಗೆ ಕಾಣುತ್ತದೆ ಎಂದು ನೋಡಿ ನೋಡಿ, ಐದು ವರ್ಷಕ್ಕೆಲ್ಲ ತಾನೇ ಓದು ಕಲಿತಳು. ಅಕ್ಷರ ಬಿಡಿಸಿ ಕಲಿಯಲಿಲ್ಲ ನೋಡಿ, ಹಾಗಾಗಿ ದೊಡ್ಡವರಾದ ಮೇಲೂ ಸ್ಪೆಲಿಂಗ್ ತಪ್ಪುತ್ತಿತ್ತು. ನನ್ನ ಅಣ್ಣನ ಪಠ್ಯಪುಸ್ತಕ ಕದ್ದು ಓದುತ್ತಿದ್ದ ನನಗೆ ಈ ಸಂಗತಿ ತುಂಬಾ ಹತ್ತಿರ.

ಪತ್ತೇದಾರಿ ಕಥೆ ಬರೆಯೋದು ನಿನ್ನ ಕೈಲಾಗಲ್ಲ ಎಂದು ಅಕ್ಕ ಮ್ಯಾಡ್ಜ್ ಒಮ್ಮೆ ಸವಾಲು ಹಾಕಿದ್ದರು. ಮೊದಲ ಮಹಾಯುದ್ಧದಲ್ಲಿ ಅಗಾಥಾ ಆಸ್ಪತ್ರೆಯ ಔಷಧ ವಿಭಾಗ ಸೇರಿದರು. ಸುತ್ತಲೂ ವಿಷದ ಬಾಟಲಿಗಳು. ಕೆಲಸ ಕಡಿಮೆ ಇದ್ದ ಹೊತ್ತಿನಲ್ಲಿ ಕಥೆ ಹೊಳೆಯಿತು. ಊರಿಗೆ ಬಂದಿದ್ದ ಬೆಲ್ಜಿಯಂ ನಿರಾಶ್ರಿತರನ್ನು ನೋಡಿ ಕಥಾನಾಯಕ, ಪತ್ತೇದಾರ ಪಾಯ್ರೋ ಹುಟ್ಟಿದ. ಹಲವು ಪ್ರಕಾಶಕರು ಹಸ್ತಪ್ರತಿ ವಾಪಸ್ ಕಳಿಸಿದರು. ಕೊನೆಗೆ 1920ರಲ್ಲಿ ಪುಸ್ತಕ ಬಂತು. ಮುಂದೆ ಒಟ್ಟು 66 ಪತ್ತೇದಾರಿ ಕಾದಂಬರಿಗಳಾದವು. ಆದರೆ ಆ ಮೊದಲ ಪುಸ್ತಕಕ್ಕೆ ಅವರಿಗೆ ಜಾಸ್ತಿ ಖುಷಿ ಕೊಟ್ಟ ಮೆಚ್ಚುಗೆ ಬಂದಿದ್ದು ಔಷಧ ತಯಾರಕರ ಪತ್ರಿಕೆಯಿಂದ: ವಿಷದ ವಿವರ ಸರಿಯಾಗಿದೆ ಅಂತ!