ಹತ್ತು ಹಾಸಿಗೆ ಹಾಕುವ ಮೊದಲು ಚಿಕ್ಕಪ್ಪನ ಪಾಸ್‌ಪೋರ್ಟ್ ನೋಡಿ

ಸಕಲೇಶಪುರದಲ್ಲಿ ಚರ್ಚಿನ ಹುಡುಗರು ಸೇರಿ ತಿಂಗಳಿಗೊಂದು ಆರೋಗ್ಯ ಶಿಬಿರ ಮಾಡುತ್ತಿದ್ದೀರಿ, ಕೆನಡಾದ ಚಿಕ್ಕಪ್ಪ ಹತ್ತು ಲಕ್ಷ ಕೊಡುತ್ತಾರಂತೆ, ಹತ್ತು ಹಾಸಿಗೆಯ ಆಸ್ಪತ್ರೆ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಓದಿ ಮೊದಲು ನಗು ಬಂತು. ಆಮೇಲೆ ಹೊಟ್ಟೆ ಕಿವುಚಿದ ಹಾಗಾಯಿತು. ಊರು ಮತ್ತು ದೇಶ ಬದಲಾಯಿಸಿದರೆ ಇದು ನಮ್ಮದೇ ಕಥೆ.

ನಮ್ಮದು ಮೂಡಿಗೆರೆ ಕಡೆ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಾಲ್‌ನಲ್ಲಿ ಬಿಪಿ, ಶುಗರ್ ನೋಡುತ್ತಿದ್ದೆವು. ಬರುತ್ತಿದ್ದವರೆಲ್ಲ ನಡೆದು ಬರುವಷ್ಟು ಗಟ್ಟಿ ಇದ್ದವರು. ನಿಜವಾಗಿ ಕಾಯಿಲೆ ಇದ್ದವರು ತೋಟದ ಲೈನ್ ಮನೆಯಲ್ಲಿ ಮಲಗಿದ್ದರು. ಇದು ಗೊತ್ತಾಗೋಕೆ ನಮಗೆ ಎರಡು ವರ್ಷ ಬೇಕಾಯಿತು, ಅಷ್ಟು ಬುದ್ಧಿವಂತರು ನಾವು! ಆಮೇಲೆ ರಿಟೈರ್ ಆದ ಒಬ್ಬ ನರ್ಸ್ ಸಿಕ್ಕರು. ಎಲ್ಲರಿಗೂ ಅವರು ಸಿಸ್ಟರ್. ವಾರಕ್ಕೆ ಎರಡು ದಿನ ಯಾರದೋ ಜೀಪ್ ಹತ್ತಿ ಹೋಗಿ ಡ್ರೆಸ್ಸಿಂಗ್ ಮಾಡಿ ಬರುತ್ತಿದ್ದರು. ಆನೆ ಕಾಟ ಇರುವ ಕಡೆ ಐದು ಗಂಟೆಯೊಳಗೆ ವಾಪಸ್ ಆಗಬೇಕು. ಹತ್ತಿಬಟ್ಟೆಯನ್ನು ಸ್ಟೀಲ್ ಡಬ್ಬಿಗೆ ತುಂಬಿ ಚರ್ಚಿನ ಅಡುಗೆಮನೆಯ ದೊಡ್ಡ ಪ್ರೆಶರ್ ಕುಕ್ಕರ್‌ನಲ್ಲಿ ಬೇಯಿಸುತ್ತಿದ್ದೆವು. ಒಬ್ಬ ಅಜ್ಜನಿಗೆ ಶುಗರ್‌ನಿಂದ ಅಂಗಾಲಿನಲ್ಲಿ ಹುಣ್ಣು. ಜೀಪಿನ ಸದ್ದು ಕೇಳಿದ ತಕ್ಷಣ ಕಾಲು ತೊಳೆದು, ಕಾಫಿ ಚೀಲದ ಮೇಲೆ ನೀಡಿಕೊಂಡು ಕೂತುಬಿಡೋರು.

ಅಲ್ಲಿಂದ ಕೆಲಸ ತಾನಾಗಿ ಬೆಳೆಯಿತು. ಡ್ರೆಸ್ಸಿಂಗ್‌ಗೆ ಹೋದ ಮನೆಯಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತಿರುತ್ತಿತ್ತು, ಅದಕ್ಕೊಂದು ಅರ್ಜಿ. ಪಕ್ಕದ ಲೈನಿನಲ್ಲಿ ಅಸ್ಸಾಂನಿಂದ ಬಂದ ಕೆಲಸದವರು, ಅವರ ಮಗುವಿಗೆ ಲಸಿಕೆ ಕಾರ್ಡ್. ಯಾರೂ ಕೇಳದೆ ಪ್ರಾರ್ಥನೆ ಮಾಡಬಾರದು ಅಂತ ಮೊದಲೇ ಒಪ್ಪಂದ ಮಾಡಿಕೊಂಡಿದ್ದೆವು. ಮತಾಂತರದ ಅನುಮಾನ ಒಂದು ಸಲ ಬಂತು ಅಂದರೆ ಯಾವ ತೋಟದ ಗೇಟೂ ತೆಗೆಯೋದಿಲ್ಲ, ನೀವೂ ಇದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ನಮ್ಮ ಗುಂಪಿನ ಟ್ರಸ್ಟಿಗೆ ನಾನೇ ಖಜಾಂಚಿ, ಹಾಗಾಗಿ ನನ್ನದೇ ತಪ್ಪು. 2021ರಲ್ಲಿ, ಕೊರೋನಾ ಎರಡನೇ ಅಲೆ ಇಳಿದ ಮೇಲೆ, ಇಂಗ್ಲೆಂಡಿನಲ್ಲಿರುವ ನಮ್ಮೂರಿನವರೊಬ್ಬರು ಆರು ಲಕ್ಷ ಕೊಟ್ಟರು. ನಮ್ಮ ಜೊತೆಯೇ ಓದಿದವರು, ಅವರ ತಾಯಿ ಇಲ್ಲೇ ಇದ್ದಾರೆ. ಚೆಕ್ ಬಂದಿದ್ದು ಚಿಕ್ಕಮಗಳೂರಿನಲ್ಲೇ ಅವರಿಗಿದ್ದ ಎನ್‌ಆರ್‌ಒ ಖಾತೆಯಿಂದ (ವಿದೇಶದಲ್ಲಿರುವವರು ಇಲ್ಲಿನ ಬ್ಯಾಂಕಿನಲ್ಲಿ ಇಡುವ ಖಾತೆ), ರೂಪಾಯಿಯಲ್ಲಿ. ಹೊರಗಿನ ಹಣ ಅಂದರೆ ಪೌಂಡ್, ಡಾಲರ್ ಅಂದುಕೊಂಡಿದ್ದೆ ನಾನು. ಟ್ರಸ್ಟಿನ ಖಾತೆಗೆ ಹಾಕಿ, ಒಂದು ಸೆಕೆಂಡ್ ಹ್ಯಾಂಡ್ ವ್ಯಾನ್ ತಗೊಂಡು, ಇನ್ನೊಬ್ಬ ನರ್ಸ್‌ನ್ನೂ ಇಟ್ಟುಕೊಂಡೆವು.

ಮುಂದಿನ ಮೇ ತಿಂಗಳಲ್ಲಿ ಆದಾಯ ತೆರಿಗೆಯವರಿಗೆ 80ಜಿ ರಿಯಾಯಿತಿ ಸಿಗುವ ದಾನಿಗಳ ಪಟ್ಟಿ, ಅದೇ 10ಬಿಡಿ ಫಾರಂ, ತುಂಬಬೇಕಿತ್ತು. ಗುರುತಿಗೆ ಏನಾದರೂ ಕಳಿಸಿ ಅಂದರೆ ಅವರು ಪಾಸ್‌ಪೋರ್ಟ್ ಕಳಿಸಿದರು. ಬ್ರಿಟಿಷ್ ಪಾಸ್‌ಪೋರ್ಟ್. ಆಡಿಟರ್ ಪೆನ್ನು ಕೆಳಗಿಟ್ಟರು.

ವಿಷಯ ಇಷ್ಟೇ, ಆದರೆ ಎರಡು ಸಲ ಓದಿ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾನೂನು, ಹಣ ಯಾವ ನೋಟಿನಲ್ಲಿ ಬಂತು, ಯಾವ ಊರಿನ ಬ್ಯಾಂಕಿನಿಂದ ಬಂತು ಅಂತ ಮಾತ್ರ ನೋಡೋದಿಲ್ಲ, ಕೊಟ್ಟವರು ಯಾವ ದೇಶದ ಪ್ರಜೆ ಅಂತ ನೋಡುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರು ವಿದೇಶದಲ್ಲಿ ದುಡಿದ ಸ್ವಂತ ಹಣವನ್ನು ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಅವರೇ ಬೇರೆ ದೇಶದ ಪೌರತ್ವ ತಗೊಂಡಿದ್ದರೆ, ಕೈಯಲ್ಲಿ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ನೋಂದಣಿಯೋ ಮೊದಲೇ ಪಡೆದ ಅನುಮತಿಯೋ ಇಲ್ಲದೆ ಅದನ್ನು ಮುಟ್ಟುವ ಹಾಗಿಲ್ಲ. ನಾನು ಕೇಳಬೇಕಿದ್ದಿದ್ದು ಒಂದೇ ಪ್ರಶ್ನೆ: "ನಿನ್ನ ಪಾಸ್‌ಪೋರ್ಟ್ ಯಾವುದಪ್ಪಾ?" ಸಂಕೋಚಕ್ಕೆ ಕೇಳಲಿಲ್ಲ.

ತಪ್ಪು ಒಪ್ಪಿಕೊಂಡು ದಂಡದಲ್ಲೇ ಮುಗಿಸಿಕೊಳ್ಳೋಕೆ ಕಾಂಪೌಂಡಿಂಗ್ ಅರ್ಜಿ ಹಾಕಿದೆವು, ದಂಡ ಕಟ್ಟಿದೆವು, ಉಳಿದ ಹಣ ಮುಟ್ಟಬೇಡಿ ಅಂದರು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. "ಅವರಿಗೆ ಫಾರಿನ್ ದುಡ್ಡು ಬಂದಿದೆಯಂತೆ" ಅಂತ ಸುದ್ದಿಯಾಗಿ, ತಿಂಗಳಿಗೆ ಐನೂರು, ಸಾವಿರ ಕೊಡುತ್ತಿದ್ದವರು ಸುಮ್ನೆ ನಿಲ್ಲಿಸಿಬಿಟ್ಟಿದ್ದರು. ಹೊಸ ನರ್ಸ್ ಮಂಗಳೂರಿಗೆ ಹೋದರು. ಸಿಸ್ಟರ್‌ಗೆ ಅದೇ ಸಮಯಕ್ಕೆ ಮಂಡಿನೋವು. ಜೂನ್ ಮಳೆಯಲ್ಲಿ ಮೂರು ವಾರ ಯಾರೂ ಹೋಗಲಿಲ್ಲ, ಆ ಅಜ್ಜನ ಎರಡು ಕಾಲ್ಬೆರಳು ತೆಗೆಸಬೇಕಾಯಿತು. ಅವರು ಒಂದು ಮಾತೂ ಆಡಲಿಲ್ಲ. ಮುಂದಿನ ಸಲ ಹೋದಾಗಲೂ ಚೀಲದ ಮೇಲೆ ಕಾಲು ಇಟ್ಟುಕೊಂಡೇ ಕೂತಿದ್ದರು.

ಅದಕ್ಕೇ ಹೇಳೋದು, ಆಸ್ಪತ್ರೆ ಬೇಡ. ವೆಲ್ಲೂರಿನ ದೊಡ್ಡ ಮಿಷನ್ ಆಸ್ಪತ್ರೆ ಸಿಎಂಸಿ ಒಂದೇ ಹಾಸಿಗೆಯಿಂದ ಶುರುವಾಗಿದ್ದು ಅಂತ ಬರೆದಿದ್ದೀರಿ. ನಿಜ, 1900ರಲ್ಲಿ. ಎರಡೇ ವರ್ಷಕ್ಕೆ, 1902ರಲ್ಲಿ, ಅಮೆರಿಕದ ದಾನದಿಂದ 40 ಹಾಸಿಗೆಯ ಆಸ್ಪತ್ರೆಯೂ ಎದ್ದಿತು. ಆಗ ಎಫ್‌ಸಿಆರ್‌ಎ ಇರಲಿಲ್ಲ, ಅದು ಮೊದಲು ಬಂದಿದ್ದೇ 1976ರಲ್ಲಿ. ಇನ್ನೊಂದು, ಸಿಎಂಸಿ ಶುರು ಮಾಡಿದ ಐಡಾ ಸ್ಕಡರ್ ಸ್ವತಃ ಡಾಕ್ಟರ್. ನಿಮ್ಮ ಗುಂಪಿನಲ್ಲಿ ರಾತ್ರಿ ಎರಡಕ್ಕೆ ಎದ್ದು ಬರುವ ಡಾಕ್ಟರ್ ಯಾರಿದ್ದಾರೆ? ಹಾಸಿಗೆ ಹಾಕಿದ ದಿನದಿಂದ ಖಾಸಗಿ ಆಸ್ಪತ್ರೆಗಳಿಗೆ ಬೇಕಾದ ಕೆಪಿಎಂಇ ನೋಂದಣಿ, ಆಸ್ಪತ್ರೆ ಕಸದ ವಿಲೇವಾರಿ, ಮೂರು ಪಾಳಿಯ ನರ್ಸ್‌ಗಳು. ಹತ್ತು ಲಕ್ಷ ಎಷ್ಟು ತಿಂಗಳು ಬರುತ್ತದೆ, ನೀವೇ ಲೆಕ್ಕ ಹಾಕಿ.

ಚಿಕ್ಕಪ್ಪ ಕೆನಡಾ ಪ್ರಜೆಯಾಗಿದ್ದರೆ ಎಫ್‌ಸಿಆರ್‌ಎ ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಅಷ್ಟರಲ್ಲಿ 15 ಲಕ್ಷ ಖರ್ಚು ಮಾಡಿರಬೇಕು, ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ನೋಂದಣಿ ಇರುವ ಬೇರೆ ಸಂಸ್ಥೆ ಮೂಲಕ ತರಿಸಿಕೊಳ್ಳಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. 2020ರ ತಿದ್ದುಪಡಿಯಿಂದ ಅದೂ ಬಂದ್.

ನಾವು ಈಗ ಊರಿನ ಹಣದಲ್ಲೇ ನಡೆಸುತ್ತೇವೆ. ಕಾಫಿ ಕುಯ್ಲು ಮುಗಿದ ಮೇಲೆ ಜಾಸ್ತಿ ಬರುತ್ತದೆ, ಮಳೆಗಾಲದಲ್ಲಿ ಏನೂ ಇಲ್ಲ. ಹಾಗಾಗಿ ನರ್ಸ್‌ನ ಆರು ತಿಂಗಳ ಸಂಬಳ ಎತ್ತಿಟ್ಟ ಮೇಲೆಯೇ ಬೇರೆ ಖರ್ಚು. ನೀವೂ ಮೊದಲು ಒಬ್ಬ ಒಳ್ಳೆಯ ನರ್ಸ್ ಹುಡುಕಿ, ಒಂದು ಜೀಪ್ ಕೇಳಿ. ಕುಕ್ಕರ್ ಬೇಕಿದ್ದರೆ ನಮ್ಮ ಹಳೆಯದು ಹಾಗೇ ಇದೆ, ಬಂದು ತಗೊಂಡು ಹೋಗಿ. ಗ್ಯಾಸ್ಕೆಟ್ ಮಾತ್ರ ಹೊಸದು ಹಾಕಿಸಿಕೊಳ್ಳಿ.